ಹಳೆ ಲ್ಯಾಪ್‌ಟಾಪ್ ಫ್ಯಾನ್ ಸದ್ದು ವಿಪರೀತ, ಸುಮ್ನೆ ಇಟ್ಟರೂ ಜೋರಾಗಿ ತಿರುಗುತ್ತದೆ: ಎಲ್ಲಿಂದ ನೋಡಲಿ?

ಸಿಂಧನೂರು_ಜೆರಾಕ್ಸ್:

ಎಲ್ಲರಿಗೂ ನಮಸ್ಕಾರ. ಸಿಂಧನೂರಿನಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಅಂಗಡಿ ಇದೆ. ಸೇವಾ ಸಿಂಧು ಅರ್ಜಿ, ಜಾತಿ ಆದಾಯ ಪ್ರಮಾಣಪತ್ರ, ಪಹಣಿ, ಪರೀಕ್ಷೆ ಫಾರ್ಮು, ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ಎಲ್ಲವೂ ಒಂದೇ ಲ್ಯಾಪ್‌ಟಾಪ್ ಮೇಲೆ ನಡೆಯುತ್ತದೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಇಂಟೆಲ್ ಐ5-3320ಎಂ ಪ್ರೊಸೆಸರ್, 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಹಾಕಿಸಿದ್ದೇನೆ. ವಿಂಡೋಸ್ 10.

ಬೇಸಿಗೆ ಶುರುವಾದಾಗಿನಿಂದ ಫ್ಯಾನ್ ಸದ್ದು ತಡೆಯಲಾಗುತ್ತಿಲ್ಲ. ಆನ್ ಮಾಡಿದ ಸ್ವಲ್ಪ ಹೊತ್ತಿಗೇ ಜೋರಾಗುತ್ತದೆ, ಆಮೇಲೆ ಇಳಿಯುವುದೇ ಇಲ್ಲ. ಗಿರಾಕಿ ಹೆಸರು, ಹುಟ್ಟಿದ ತಾರೀಕು ಹೇಳಿದರೆ ಮತ್ತೊಮ್ಮೆ ಕೇಳಬೇಕಾಗುತ್ತದೆ. ಏನೂ ತೆರೆಯದೆ ಇಟ್ಟರೂ ಅದೇ ಕಥೆ. ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರ್ ಪೂರ್ತಿ ನಿಧಾನ. ಒಮ್ಮೊಮ್ಮೆ ಅರ್ಜಿ ತುಂಬುತ್ತಿರುವಾಗಲೇ ತಾನಾಗಿ ಆಫ್ ಆಗಿದೆ.

ಇಲ್ಲಿನ ಒಬ್ಬ ರಿಪೇರಿಯವರು "ಮದರ್‌ಬೋರ್ಡ್ ಹೋಗ್ತಾ ಇದೆ, ಹೊಸದು ತಗೊಂಡುಬಿಡಿ" ಅಂದರು. ಬಿಚ್ಚಿ ನೋಡಲೂ ಇಲ್ಲ. ಹೊಸದು ತಗೊಳ್ಳೋದು ಸದ್ಯ ನನ್ನ ಕೈಲಾಗದ ಮಾತು. ನಿಜಕ್ಕೂ ಬೋರ್ಡ್ ಹೋಗಿದೆಯಾ? ಅಥವಾ ನಾನೇ ಏನಾದರೂ ನೋಡಬಹುದಾ? ತಿಳಿದವರು ದಯವಿಟ್ಟು ಹೇಳಿ.

ಮೈಸೂರು_ಮಲ್ಲಿ:

ನನ್ನ ಹತ್ತಿರವೂ ಹಳೆ ಲ್ಯಾಪ್‌ಟಾಪ್ ಇದೆ. ಅಡಿಯಲ್ಲಿ ಇಡುವ ಕೂಲಿಂಗ್ ಪ್ಯಾಡ್ ತಗೊಳ್ಳಿ ಅಣ್ಣಾ. ನನಗೆ ಸ್ವಲ್ಪ ಅನುಕೂಲ ಆಯಿತು.

ರಿಪೇರಿ_ಮೇಜು:

ಸಿಂಧನೂರು ಅಣ್ಣಾ, ಹುಬ್ಬಳ್ಳಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತೇನೆ. ಏನನ್ನೂ ಕೊಳ್ಳುವ ಮೊದಲು ಒಂದು ವಿಷಯ ಗೊತ್ತಾಗಬೇಕು. ಫ್ಯಾನ್ ಜೋರಾಗಿ ತಿರುಗುವಾಗ ಒಳಗೆ ಪ್ರೊಸೆಸರ್ ಬಿಸಿ ಇದೆಯಾ, ಇಲ್ಲವಾ? ಇದು ತಿಳಿಯದೆ ಫ್ಯಾನ್ ಬದಲಿಸುವುದು, ಬೋರ್ಡ್ ಹೋಗಿದೆ ಅನ್ನುವುದು ಎಲ್ಲಾ ಬರೀ ಊಹೆ.

ಫ್ಯಾನ್ ತಾನಾಗಿ ವೇಗ ತೀರ್ಮಾನ ಮಾಡುವುದಿಲ್ಲ. ಬೋರ್ಡಿನಲ್ಲಿ ಒಂದು ಸಣ್ಣ ಕಂಟ್ರೋಲರ್ ಚಿಪ್ ಇರುತ್ತದೆ. ಅದು ಬಿಸಿ ಅಳೆದು ಫ್ಯಾನಿಗೆ ಇಷ್ಟು ವೇಗ ಅಂತ ಹೇಳುತ್ತದೆ. ಹಾಗಾಗಿ ಬಿಸಿ ಜಾಸ್ತಿ ಇದ್ದು ಫ್ಯಾನ್ ಕೂಗುತ್ತಿದ್ದರೆ ಫ್ಯಾನ್ ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ. ಬಿಸಿ ಎಲ್ಲಿಂದ ಬರುತ್ತಿದೆ, ಹೊರಗೆ ಯಾಕೆ ಹೋಗುತ್ತಿಲ್ಲ ಅಂತ ಹುಡುಕಬೇಕು. ಒಳಗೆ ತಣ್ಣಗಿದ್ದರೂ ಫ್ಯಾನ್ ಕೂಗುತ್ತಿದ್ದರೆ ಆಗ ಸೆನ್ಸರ್, ವೈರು, ಬಯೋಸ್ (ವಿಂಡೋಸ್‌ಗಿಂತ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) ಸೆಟ್ಟಿಂಗ್ ಕಡೆ ನೋಡಬೇಕು. ಎರಡೂ ಬೇರೆ ಬೇರೆ ದಾರಿ.

ಎಚ್‌ಡಬ್ಲ್ಯೂಇನ್ಫೋ ಅಂತ ಉಚಿತ ತಂತ್ರಾಂಶ ಇದೆ. ಹಾಕಿಕೊಂಡು ಸೆನ್ಸರ್ಸ್ ಮಾತ್ರ ತೆರೆಯಿರಿ. ಸಿಪಿಯು, ಅಂದರೆ ಪ್ರೊಸೆಸರ್, ಬಿಸಿ ಈಗ ಎಷ್ಟು, ಅತಿ ಹೆಚ್ಚು ಎಷ್ಟು ಮುಟ್ಟಿತು ಎರಡೂ ಕಾಣಿಸುತ್ತದೆ. ಸುಮ್ನೆ ಇಟ್ಟಾಗ ಎಷ್ಟು, ಅರ್ಜಿ ಕೆಲಸ ಮಾಡುವಾಗ ಎಷ್ಟು ಬರೆದುಕೊಳ್ಳಿ. ಅಂಗಡಿಯೊಳಗಿನ ಬಿಸಿ ಎಷ್ಟು ಅಂತಲೂ ಬರೆಯಿರಿ. ಅದು ಬಹಳ ಮುಖ್ಯ.

ಇನ್ನೊಂದು ಪರೀಕ್ಷೆಗೆ ಯಾವ ತಂತ್ರಾಂಶವೂ ಬೇಡ. ಪಕ್ಕದ ಕಿಂಡಿಯಿಂದ ಬಿಸಿಗಾಳಿ ಬರುತ್ತದಲ್ಲ, ಅಲ್ಲಿ ಅಂಗೈ ಹಿಡಿಯಿರಿ. ಫ್ಯಾನ್ ಜೋರಾಗಿದೆ, ಗಾಳಿಯೂ ರಭಸವಾಗಿ, ಬಿಸಿಯಾಗಿ ಬರುತ್ತಿದೆ ಅಂದರೆ ಪ್ರೊಸೆಸರ್‌ಗೆ ನಿಜವಾಗಲೂ ಕೆಲಸ ಜಾಸ್ತಿ. ಫ್ಯಾನ್ ಜೋರಾಗಿದೆ ಆದರೆ ಗಾಳಿ ಬಡಕಲು ಅಂದರೆ ದಾರಿ ಕಟ್ಟಿದೆ. ಗಾಳಿ ರಭಸವಾಗಿದೆ, ಬರೀ ಬೆಚ್ಚಗಿದೆ, ಆದರೆ ಪ್ರೊಸೆಸರ್ ಕಾದಿದೆ ಅಂದರೆ ಬಿಸಿ ಹೀಟ್‌ಸಿಂಕ್‌ಗೆ (ಬಿಸಿ ಎಳೆದುಕೊಳ್ಳುವ ಲೋಹದ ಭಾಗ) ದಾಟುತ್ತಿಲ್ಲ, ಅವೆರಡರ ನಡುವೆ ಹಚ್ಚಿರುವ ಥರ್ಮಲ್ ಪೇಸ್ಟ್ ಒಣಗಿರಬಹುದು.

ಸದ್ದು ಎಂಥದ್ದು ಅಂತಲೂ ಹೇಳಿ. ಬರೀ ಗಾಳಿಯ ಹುಯ್ಯ್ ಸದ್ದಾ, ಗರಗರ ಅನ್ನುವ ಸದ್ದಾ, ಟಕ್ ಟಕ್ ಅಂತ ಬಡಿಯುತ್ತದಾ? ಗಾಳಿ ಸದ್ದಾದರೆ ವೇಗ ಜಾಸ್ತಿ ಆಗಿದೆ ಅಷ್ಟೇ. ಗರಗರ ಅಂದರೆ ಫ್ಯಾನಿನ ಬೇರಿಂಗ್ ಸವೆದಿದೆ. ಟಕ್ ಟಕ್ ಅಂದರೆ ಯಾವುದೋ ವೈರು ರೆಕ್ಕೆಗೆ ತಾಗುತ್ತಿದೆ.

ಮಲ್ಲಿ ಅವರೇ, ಕೂಲಿಂಗ್ ಪ್ಯಾಡ್ ತಪ್ಪಲ್ಲ. ಆದರೆ ಒಳಗೆ ದಾರಿಯೇ ಕಟ್ಟಿದ್ದರೆ ಹೊರಗಿನ ಗಾಳಿ ಒಳಗೆ ಹೋಗುವುದೆಲ್ಲಿ? ಅದಕ್ಕೆ ಆ ಖರ್ಚು ಆಮೇಲೆ ನೋಡೋಣ ಅಂದೆ.

ಸಿಂಧನೂರು_ಜೆರಾಕ್ಸ್:

ಧನ್ಯವಾದ ಅಣ್ಣಾ. ಇಷ್ಟು ವಿವರವಾಗಿ ಇದುವರೆಗೆ ಯಾರೂ ಹೇಳಿರಲಿಲ್ಲ. ಇವತ್ತು ಎಲ್ಲಾ ನೋಡಿದೆ.

ಅಂಗಡಿಯೊಳಗೆ 37 ಡಿಗ್ರಿ. ಏನೂ ಮಾಡದೆ ಇಟ್ಟಾಗ ಸಿಪಿಯು 71ರಿಂದ 74. ಅರ್ಜಿ, ಪಿಡಿಎಫ್, ಸ್ಕ್ಯಾನ್ ಒಟ್ಟಿಗೆ ಮಾಡುವಾಗ 104ಕ್ಕೆ ಹೋಯಿತು. ಥರ್ಮಲ್ ಥ್ರಾಟ್ಲಿಂಗ್ ಅನ್ನುವ ಸಾಲಿನ ಮುಂದೆ ಯೆಸ್ ಅಂತ ಕೆಂಪಗೆ ಬಂತು. ಕಿಂಡಿಯಲ್ಲಿ ಗಾಳಿ ತೀರಾ ಕಡಿಮೆ. ಕೈಗೆ ಗೊತ್ತೇ ಆಗುವುದಿಲ್ಲ ಅನ್ನುವಷ್ಟು. ಸದ್ದು ಮುಖ್ಯವಾಗಿ ಹುಯ್ಯ್ ಅಂತ. ಬೆಳಿಗ್ಗೆ ಮೊದಲ ಸಲ ಆನ್ ಮಾಡಿದಾಗ ಮಾತ್ರ ಸ್ವಲ್ಪ ಗರಗರ ಅನ್ನುತ್ತದೆ.

ಇನ್ನೊಂದು ವಿಚಿತ್ರ. ಸುಮ್ನೆ ಇದ್ದಾಗಲೂ ಸಿಪಿಯು 30, 40 ಪರ್ಸೆಂಟ್ ಓಡುತ್ತಿರುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಇಳಿದುಬಿಡುತ್ತದೆ. ಯಾರು ಓಡಿಸುತ್ತಿದ್ದಾರೆ ಅಂತ ನೋಡಲು ಆಗುತ್ತಲೇ ಇಲ್ಲ.

ರಿಪೇರಿ_ಮೇಜು:

ಗಾಳಿ ಕಡಿಮೆ, ಬಿಸಿ ಜಾಸ್ತಿ. ದಾರಿ ಕಟ್ಟಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಸಿಂಧನೂರು ಅಂದರೆ ಸುತ್ತ ಭತ್ತದ ಮಿಲ್ಲುಗಳು. ಭತ್ತದ ಸುಂಕು, ರಸ್ತೆಯ ಧೂಳು, ಜೆರಾಕ್ಸ್ ಮಷಿನ್ ಪಕ್ಕದ ಕಾಗದದ ಪುಡಿ. ಇದೆಲ್ಲ ಸೇರಿ ಫ್ಯಾನ್ ಮತ್ತು ತಾಮ್ರದ ಪಟ್ಟಿಗಳ ನಡುವೆ ಕಂಬಳಿ ಹಾಗೆ ಕೂತಿರುತ್ತದೆ. ಹೊರಗಿನಿಂದ ಕಾಣುವುದಿಲ್ಲ.

ಅಂಕಿ ಹೀಗೆ ಓದಿಕೊಳ್ಳಿ. ನಿಮ್ಮ ಪ್ರೊಸೆಸರ್‌ಗೆ ಇಂಟೆಲ್ ಕೊಟ್ಟಿರುವ ಮಿತಿ 105 ಡಿಗ್ರಿ. ಅದರ ಹತ್ತಿರ ಹೋದಾಗ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಥರ್ಮಲ್ ಥ್ರಾಟ್ಲಿಂಗ್ ಅಂದರೆ ಇದೇ. ಮಧ್ಯಾಹ್ನ ನಿಧಾನವಾಗುವುದು ಅದಕ್ಕೇ. ಅದಕ್ಕೂ ಮೀರಿದರೆ ಸುಟ್ಟುಹೋಗದಿರಲಿ ಅಂತ ಪೂರ್ತಿ ಆಫ್ ಆಗುತ್ತದೆ. ತಾನಾಗಿ ಆಫ್ ಆಗಿದ್ದು ಬೋರ್ಡ್ ಹೋಗಿದ್ದಕ್ಕಲ್ಲ. ಅದು ಬೋರ್ಡನ್ನು ಉಳಿಸುವ ಏರ್ಪಾಡು.

ಇನ್ನು ಕೋಣೆಯ ಬಿಸಿ. ಫ್ಯಾನ್ ಕೋಣೆಯ ಗಾಳಿಯನ್ನೇ ಎಳೆದು ಹೊರಗೆ ತಳ್ಳುತ್ತದೆ, ಅದು ಏಸಿ ಅಲ್ಲ. ಕೋಣೆ 10 ಡಿಗ್ರಿ ಏರಿದರೆ ಒಳಗೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬೆಂಗಳೂರಿನವರು "ನನ್ನದು 45 ಡಿಗ್ರಿ ಇದೆ" ಅಂದರೆ ಅದನ್ನು ರಾಯಚೂರು ಜಿಲ್ಲೆಯ ಬೇಸಿಗೆಗೆ ಹೋಲಿಸಬೇಡಿ. ನಿಮ್ಮ 37ರ ಅಂಗಡಿಯಲ್ಲಿ ಸುಮ್ನೆ ಇದ್ದಾಗ 52ರಿಂದ 58 ಬಂದರೆ ನಾನು ಖುಷಿಪಡುತ್ತೇನೆ. 74 ಮಾತ್ರ ಖಂಡಿತ ಜಾಸ್ತಿ.

ಆ 30, 40 ಪರ್ಸೆಂಟ್ ವಿಷಯ ಬೇರೆ. ತಂತ್ರಾಂಶ ಬಲ್ಲವರು ಯಾರಾದರೂ ಹೇಳಲಿ.

ತುಂಗೆ_ದಡ:

ಅಯ್ಯೋ, ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಇಳಿಯುತ್ತದೆ ಅಂದರೆ ವೈರಸ್ಸೇ. ನಮ್ಮ ಕಂಪ್ಯೂಟರ್ ಬಳಸಿ ಕದ್ದು ಕ್ರಿಪ್ಟೋ ಮೈನಿಂಗ್ (ಡಿಜಿಟಲ್ ನಾಣ್ಯ ಗಳಿಸುವುದು) ಮಾಡುವ ಪ್ರೋಗ್ರಾಂಗಳು ಹೀಗೇ ಅಡಗಿಕೊಳ್ಳುತ್ತವೆ ಅಂತ ಓದಿದ್ದೇನೆ. ಕ್ರ್ಯಾಕ್ ಮಾಡಿದ ಫೋಟೊ ಎಡಿಟಿಂಗ್ ತಂತ್ರಾಂಶ ಏನಾದರೂ ಹಾಕಿದ್ದೀರಾ?

ಪೆಂಗ್ವಿನ್_ಮನೆ:

ಗಾಬರಿ ಬೇಡ, ಎರಡೂ ಸಾಧ್ಯತೆ ಇದೆ. ತುಂಗೆ_ದಡ ಹೇಳಿದ್ದು ನಿಜ, ಕೆಲವು ಮೈನರ್‌ಗಳು ಹಾಗೆ ಮಾಡುತ್ತವೆ. ಆದರೆ ಇದಕ್ಕಿಂತ ಸಾಮಾನ್ಯವಾದ ಕಾರಣ ಒಂದಿದೆ. ನೀವು ಕೀಬೋರ್ಡ್, ಮೌಸ್ ಮುಟ್ಟದೆ ಬಿಟ್ಟಾಗ ವಿಂಡೋಸ್ ತನ್ನ ಮನೆಗೆಲಸ ಶುರು ಮಾಡುತ್ತದೆ. ಅಪ್‌ಡೇಟ್ ಜೋಡಿಸುವುದು, ಫೈಲ್ ಪಟ್ಟಿ ಮಾಡುವುದು, ವೈರಸ್ ಸ್ಕ್ಯಾನ್ ಇವೆಲ್ಲ. ನೀವು ಮೌಸ್ ಅಲ್ಲಾಡಿಸಿದ ಕೂಡಲೇ ಅದು ಬಹುಪಾಲು ನಿಲ್ಲುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆಯಲು ಮೌಸ್ ಮುಟ್ಟಲೇಬೇಕು ಅಲ್ವಾ? ಹಾಗಾಗಿ ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತದೆ.

ಬೇರ್ಪಡಿಸುವ ದಾರಿ ಇದು. ಟಾಸ್ಕ್ ಮ್ಯಾನೇಜರ್ ಮೊದಲೇ ತೆರೆದಿಟ್ಟು, ಸಿಪಿಯು ಕಾಲಂ ಮೇಲೆ ಕ್ಲಿಕ್ ಮಾಡಿ ಜಾಸ್ತಿ ತಿನ್ನುವವರು ಮೇಲೆ ಬರುವ ಹಾಗೆ ಮಾಡಿ. ಆಮೇಲೆ ಕೈ ಬಿಟ್ಟು ಊಟ ಮಾಡಿ ಬನ್ನಿ. ಬಂದು ಏನನ್ನೂ ಮುಟ್ಟದೆ ಪರದೆ ನೋಡಿ. ಆಂಟಿಮಾಲ್ವೇರ್ ಸರ್ವಿಸ್, ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್, ಸರ್ಚ್ ಇಂಡೆಕ್ಸರ್, ಕಂಪ್ಯಾಟಿಬಿಲಿಟಿ ಟೆಲಿಮೆಟ್ರಿ ಇಂಥ ಹೆಸರು ಮೇಲಿದ್ದರೆ ಅದು ವಿಂಡೋಸ್ ಕೆಲಸ. ರಾತ್ರಿ ಅಂಗಡಿ ಮುಚ್ಚುವಾಗ ಆನ್ ಇಟ್ಟು ಮುಗಿಯಲು ಬಿಡಿ. ಆದರೆ ಧೂಳು ತೆಗೆಸಿದ ಮೇಲೆ, ಈಗ ಬೇಡ. ಟಾಸ್ಕ್ ಮ್ಯಾನೇಜರ್ ತೆರೆದಿರುವಾಗ ಎಲ್ಲಾ ಶಾಂತ, ಮುಚ್ಚಿದರೆ ಮಾತ್ರ ಎಚ್‌ಡಬ್ಲ್ಯೂಇನ್ಫೋದಲ್ಲಿ ಸಿಪಿಯು ಏರುತ್ತದೆ ಅಂದರೆ ಆಗ ವೈರಸ್ ಅನುಮಾನ ಮಾಡಬೇಕು. ವಿಂಡೋಸ್‌ನಲ್ಲೇ ಇರುವ ಆಂಟಿವೈರಸ್ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಅದು ವಿಂಡೋಸ್ ಶುರುವಾಗುವ ಮೊದಲೇ ನೋಡುವುದರಿಂದ ಅಡಗಿಕೊಳ್ಳಲು ಜಾಗ ಕಡಿಮೆ.

ಇನ್ನೊಂದು: ಟಾಸ್ಕ್ ಮ್ಯಾನೇಜರ್‌ನ ಪರ್ಫಾಮೆನ್ಸ್ ಪುಟದಲ್ಲಿ ಅಪ್‌ಟೈಮ್, ಅಂದರೆ ಹೊಸದಾಗಿ ಶುರುವಾಗಿ ಎಷ್ಟು ಹೊತ್ತಾಯಿತು ಅಂತ, ನೋಡಿ. ವಿಂಡೋಸ್ 10ರಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ಒಳಗಿನ ಸ್ಥಿತಿ ಹಾಗೇ ಉಳಿದು ಮರುದಿನ ಮುಂದುವರಿಯುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಪೂರ್ತಿ ಹೊಸದಾಗಿ ಶುರು. ದಿನಾ ಶಟ್‌ಡೌನ್ ಮಾಡುವವರೂ ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡುವುದು ಒಳ್ಳೆಯದು.

ಸಿಂಧನೂರು_ಜೆರಾಕ್ಸ್:

ಮಾಡಿ ನೋಡಿದೆ. ಮೇಲೆ ಇದ್ದದ್ದು ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ಮತ್ತು ಬ್ರೌಸರ್. ಆಫ್‌ಲೈನ್ ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲ. ಬ್ರೌಸರ್ ಯಾಕೆ ಅಂದರೆ, ಮಗ ಮೂಲೆಯಲ್ಲಿ ಯೂಟ್ಯೂಬ್ ಪಾಠ ಹಾಕಿಟ್ಟಿರುತ್ತಾನೆ. ವಿಡಿಯೊ ಒಂದಕ್ಕೇ ಅಷ್ಟು ಸಿಪಿಯು ಬೇಕಾ?

ಪೆಂಗ್ವಿನ್_ಮನೆ:

ನಿಮ್ಮ ಪ್ರೊಸೆಸರ್‌ನಲ್ಲಿ ಬೇಕಾಗುತ್ತದೆ. ಇದನ್ನು ಹಳೆ ಲ್ಯಾಪ್‌ಟಾಪ್ ಇಟ್ಟುಕೊಂಡಿರುವ ಎಲ್ಲರೂ ತಿಳಿದಿರಬೇಕು ಅಂತ ನನ್ನ ಆಸೆ.

ವಿಡಿಯೊ ಯಾವಾಗಲೂ ಮಡಚಿಟ್ಟ ರೂಪದಲ್ಲಿ ಬರುತ್ತದೆ. ಅದನ್ನು ಬಿಡಿಸಲು ಗ್ರಾಫಿಕ್ಸ್ ಚಿಪ್‌ನಲ್ಲೇ ಬೇರೆ ಭಾಗ ಇರುತ್ತದೆ. ನಿಮ್ಮದು 2012ರಲ್ಲಿ ಬಂದ ಮೂರನೇ ತಲೆಮಾರಿನ ಇಂಟೆಲ್, ಎಚ್‌ಡಿ 4000 ಗ್ರಾಫಿಕ್ಸ್. ಅದಕ್ಕೆ ಎಚ್.264 ಅನ್ನುವ ಹಳೆ ಪದ್ಧತಿ ಬಿಡಿಸಲು ಬರುತ್ತದೆ. ಆದರೆ ಯೂಟ್ಯೂಬ್ ಈಗ ಹೆಚ್ಚಾಗಿ ವಿಪಿ9, ಎವಿ1 ಪದ್ಧತಿಯಲ್ಲಿ ಕಳಿಸುತ್ತದೆ. ಅದು ಆ ಚಿಪ್‌ಗೆ ಗೊತ್ತಿಲ್ಲ. ಆಗ ಪೂರ್ತಿ ಭಾರ ಸಿಪಿಯು ಮೇಲೆ ಬೀಳುತ್ತದೆ, ಬಿಸಿ ಏರುತ್ತದೆ, ಫ್ಯಾನ್ ಕೂಗುತ್ತದೆ. ವಿಪಿ9 ಅನ್ನು ಪೂರ್ತಿಯಾಗಿ ಬಿಡಿಸುವ ಶಕ್ತಿ ಇಂಟೆಲ್‌ಗೆ ಬಂದದ್ದು ಏಳನೇ ತಲೆಮಾರಿನಿಂದ. ಎವಿ1 ಬಂದದ್ದು ಹನ್ನೊಂದನೇ ತಲೆಮಾರಿನಿಂದ.

ಪರಿಹಾರ ಸುಲಭ. ಬ್ರೌಸರ್‌ಗೆ ಎನ್‌ಹಾನ್ಸ್‌ಡ್ ಎಚ್264ಇಫೈ ಅನ್ನುವ ಎಕ್ಸ್‌ಟೆನ್ಷನ್ ಹಾಕಿ. ನನಗೆ ಎಚ್.264 ಮಾತ್ರ ಕೊಡು ಅಂತ ಅದು ಯೂಟ್ಯೂಬ್‌ಗೆ ಹೇಳುತ್ತದೆ. ಯೂಟ್ಯೂಬ್‌ನಲ್ಲಿ ಎಚ್.264 1080ಪಿ ತನಕ ಮಾತ್ರ ಸಿಗುತ್ತದೆ, ನಿಮ್ಮ ಪರದೆಗೆ ಅಷ್ಟು ಧಾರಾಳ ಸಾಕು. ಬ್ರೌಸರ್ ಸೆಟ್ಟಿಂಗ್‌ನಲ್ಲಿ ಗ್ರಾಫಿಕ್ಸ್ ಆಕ್ಸಿಲರೇಷನ್ ಆನ್ ಇದೆಯಾ ನೋಡಿಕೊಳ್ಳಿ. ಅದು ಆಫ್ ಆಗಿದ್ದರೆ ಎಕ್ಸ್‌ಟೆನ್ಷನ್ ಹಾಕಿಯೂ ಪ್ರಯೋಜನವಿಲ್ಲ.

ಇನ್ನು ಟರ್ಬೊ. ನಿಮ್ಮ ಪ್ರೊಸೆಸರ್‌ನ ಸಾಮಾನ್ಯ ವೇಗ 2.6 ಗಿಗಾಹರ್ಟ್ಜ್. ಅವಸರ ಬಂದಾಗ 3.3 ತನಕ ಹಾರುತ್ತದೆ. ಆ ಹಾರಾಟಕ್ಕೆ ವೋಲ್ಟೇಜ್ ಜಾಸ್ತಿ ಬೇಕು, ಬಿಸಿಯೂ ಜಾಸ್ತಿ. ಪವರ್ ಆಪ್ಷನ್ಸ್‌ನಲ್ಲಿ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ಗೆ ಹೋಗಿ, ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇರುವುದನ್ನು 99 ಮಾಡಿ. ಟರ್ಬೊ ನಿಂತುಹೋಗುತ್ತದೆ. ಅರ್ಜಿ ತುಂಬುವುದಕ್ಕೆ, ಟೈಪಿಂಗ್‌ಗೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಬೇಸಿಗೆ ಮುಗಿದ ಮೇಲೆ ಬೇಕಾದರೆ ವಾಪಸ್ 100 ಮಾಡಿಕೊಳ್ಳಿ. ಅದೇ ಪುಟದಲ್ಲಿ ಸಿಸ್ಟಮ್ ಕೂಲಿಂಗ್ ಪಾಲಿಸಿ ಅಂತ ಇದೆ. ಅದನ್ನು ಪ್ಯಾಸಿವ್ ಮಾಡಿದರೆ ಫ್ಯಾನ್ ಏರಿಸುವ ಮೊದಲು ಪ್ರೊಸೆಸರ್ ವೇಗ ಇಳಿಸುತ್ತದೆ. ನಿಮಗೆ ಅದು ಬೇಡ, ಆ್ಯಕ್ಟಿವ್‌ನಲ್ಲೇ ಇರಲಿ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ನಿಮ್ಮ ಪ್ರೊಸೆಸರ್ ಒಪ್ಪುವುದಿಲ್ಲ. ಮನೆಯಲ್ಲಿ ಬಳಸುವ ಲ್ಯಾಪ್‌ಟಾಪ್ ಆಗಿದ್ದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿ ಅನ್ನುತ್ತಿದ್ದೆ. ಕನ್ನಡದ ಕಗಪ ಕೀಲಿಮಣೆ ವಿನ್ಯಾಸ ಅದರಲ್ಲೇ ಇದೆ, ಯೂನಿಕೋಡ್ ಕನ್ನಡ ಟೈಪಿಂಗ್‌ಗೆ ತೊಂದರೆ ಇಲ್ಲ. ಆದರೆ ನಿಮ್ಮದು ಅಂಗಡಿ.

ಸಿಂಧನೂರು_ಜೆರಾಕ್ಸ್:

ಹೌದು ಸರ್, ಲಿನಕ್ಸ್ ಆಗುವುದಿಲ್ಲ. ನನ್ನ ಬೆರಳಚ್ಚು ಸ್ಕ್ಯಾನರ್ ಮತ್ತು ಸ್ಕ್ಯಾನಿಂಗ್ ತಂತ್ರಾಂಶ ವಿಂಡೋಸ್‌ದು. ಹಳೆ ನುಡಿ ಫೈಲುಗಳೂ ರಾಶಿ ಇವೆ. 99 ಮಾಡಿದೆ, ಎಕ್ಸ್‌ಟೆನ್ಷನ್ ಹಾಕಿದೆ. ಅರ್ಜಿ ಕೆಲಸದಲ್ಲಿ ಈಗ 93, 94ಕ್ಕೆ ನಿಲ್ಲುತ್ತಿದೆ. ಥ್ರಾಟ್ಲಿಂಗ್ ಕಾಣಲಿಲ್ಲ. ಸದ್ದು ಮಾತ್ರ ಹಾಗೇ ಇದೆ.

ಚಿಕ್ಕಪ್ಪನ ಮಗ ಐಟಿಐ ಮಾಡಿದ್ದಾನೆ, ಕೈ ಸೂಕ್ಷ್ಮ. ಅವನ ಹತ್ತಿರ ಬಿಚ್ಚಿಸಬಹುದಾ? ಏನೇನು ಬೇಕು ಹೇಳಿ. ಬಾಗಿಲಲ್ಲೇ ಪಂಕ್ಚರ್ ಅಂಗಡಿ ಇದೆ, ಅಲ್ಲಿನ ಗಾಳಿ ಹೊಡೆಸಿದರೆ ಸಾಲದಾ?

ರಿಪೇರಿ_ಮೇಜು:

ಪಂಕ್ಚರ್ ಅಂಗಡಿ ಗಾಳಿ ಖಂಡಿತ ಬೇಡ. ಆ ಟ್ಯಾಂಕಿನಲ್ಲಿ ನೀರಿನ ಪಸೆ, ಕಂಪ್ರೆಸರ್ ಎಣ್ಣೆ ಸೇರಿರುತ್ತದೆ. ಬೋರ್ಡಿಗೆ ಹೊಡೆದರೆ ಈಗಿನ ತೊಂದರೆ ಚಿಕ್ಕದು ಅನ್ನಿಸಿಬಿಡುತ್ತದೆ. ಇನ್ನೊಂದು, ಬಿಚ್ಚದೆ ಹೊರಗಿನಿಂದ ಗಾಳಿ ಹೊಡೆದರೆ ಧೂಳಿನ ಹೊದಿಕೆ ಕಿತ್ತು ಫ್ಯಾನ್ ಒಳಗೆ ಬೀಳುತ್ತದೆ. ನಾಲ್ಕು ದಿನಕ್ಕೆ ಮತ್ತೆ ಅದೇ ಜಾಗಕ್ಕೆ ಬಂದು ಕೂರುತ್ತದೆ.

ತಮ್ಮನ ಹತ್ತಿರ ಬಿಚ್ಚಿಸಿ, ಆಗುತ್ತದೆ. ನಿಮ್ಮ ಮಾಡೆಲ್ ನಂಬರ್ ಹಾಕಿ ಕಂಪನಿಯ ಸರ್ವಿಸ್ ಮ್ಯಾನುಯಲ್ ಡೌನ್‌ಲೋಡ್ ಮಾಡಿಕೊಳ್ಳಿ. ಆ ಕಾಲದ ಆಫೀಸ್ ಮಾಡೆಲ್‌ಗಳಿಗೆಲ್ಲ ಬಹುಮಟ್ಟಿಗೆ ಸಿಗುತ್ತದೆ. ಯಾವ ಸ್ಕ್ರೂ ಎಲ್ಲಿ ಅಂತ ಚಿತ್ರಸಹಿತ ಇರುತ್ತದೆ. ಸಾಮಾನು ಏನೆಂದರೆ ಒಳ್ಳೆಯ ಸಣ್ಣ ಸ್ಕ್ರೂಡ್ರೈವರ್, ಮೆತ್ತನೆಯ ಪೇಂಟಿಂಗ್ ಬ್ರಷ್, ಐಸೊಪ್ರೊಪೈಲ್ ಆಲ್ಕೋಹಾಲ್ (ಅಂಗಡಿಯಲ್ಲಿ ಐಪಿಎ ಅಂತ ಕೇಳಿ, 99 ಪರ್ಸೆಂಟ್‌ದು ಇರಲಿ), ನೂಲು ಬಿಡದ ಬಟ್ಟೆ, ಒಂದು ಟ್ಯೂಬ್ ಥರ್ಮಲ್ ಪೇಸ್ಟ್. ಆರ್ಕ್ಟಿಕ್ ಎಂಎಕ್ಸ್-4 ಸಾಕು. ಲಿಕ್ವಿಡ್ ಮೆಟಲ್ ಮಾತ್ರ ತಗೋಬೇಡಿ. ಅದು ವಿದ್ಯುತ್ ಹರಿಸುತ್ತದೆ, ಅಲ್ಯೂಮಿನಿಯಂ ತಿಂದುಹಾಕುತ್ತದೆ. ಟೂತ್‌ಪೇಸ್ಟ್ ಹಾಕಿ ಅನ್ನುವ ವಿಡಿಯೊ ನೋಡಿದ್ದರೆ ಮರೆತುಬಿಡಿ. ನೀರು ಆರಿದ ಮೇಲೆ ಅದು ಬರೀ ಸುಣ್ಣ.

ಮೊದಲು ಪೂರ್ತಿ ಶಟ್‌ಡೌನ್, ಚಾರ್ಜರ್ ತೆಗೆಯಿರಿ, ಬ್ಯಾಟರಿ ಕಳಚಿ. ಆಮೇಲೆ ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಉಳಿದ ವಿದ್ಯುತ್ ಹೋಗಲಿ. ಬ್ಯಾಟರಿ ಉಬ್ಬಿದೆಯಾ ನೋಡಿ. ಉಬ್ಬಿದ್ದರೆ ಅದನ್ನು ಮತ್ತೆ ಹಾಕಬೇಡಿ, ಚುಚ್ಚಬೇಡಿ, ಒತ್ತಬೇಡಿ. ದೊಡ್ಡ ಬಿಳಿ ಹಾಳೆ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ತೆಗೆದ ಸ್ಕ್ರೂ ಅದೇ ಜಾಗದಲ್ಲಿ ಟೇಪ್ ಹಾಕಿ ಅಂಟಿಸಿ. ಉದ್ದದ ಸ್ಕ್ರೂ ಗಿಡ್ಡ ಜಾಗಕ್ಕೆ ಹಾಕಿ ಬಿಗಿ ಮಾಡಿದರೆ ಬೋರ್ಡ್ ತೂತಾಗುತ್ತದೆ. ನನ್ನ ಮೇಜಿಗೆ ಬರುವ ಎಷ್ಟೋ ಬೋರ್ಡ್ ಹೀಗೆ ಹಾಳಾದವು.

ಫ್ಯಾನಿನ ವೈರನ್ನು ಎಳೆಯಬಾರದು, ಕನೆಕ್ಟರ್ ಹಿಡಿದು ಬಿಡಿಸಬೇಕು. ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ 1, 2, 3, 4 ಅಂತ ಸಾಮಾನ್ಯವಾಗಿ ಬರೆದಿರುತ್ತದೆ. ತೆಗೆಯುವಾಗ 4ರಿಂದ ಹಿಂದಕ್ಕೆ, ಹಾಕುವಾಗ 1ರಿಂದ ಮುಂದಕ್ಕೆ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬೇಡಿ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಬನ್ನಿ. ನಿಮ್ಮ ಪ್ರೊಸೆಸರ್ ಮೇಲೆ ಲೋಹದ ಮುಚ್ಚಳ ಇರುವುದಿಲ್ಲ, ಬರಿಯ ಸಿಲಿಕಾನ್. ಒಂದೇ ಮೂಲೆಗೆ ಭಾರ ಬಿದ್ದರೆ ಚಕ್ಕೆ ಏಳುತ್ತದೆ.

ಫ್ಯಾನ್ ಕಳಚಿದರೆ ತಾಮ್ರದ ಪಟ್ಟಿಗಳ ಬಾಯಲ್ಲಿ ಆ ಧೂಳಿನ ಹೊದಿಕೆ ಕಾಣಿಸುತ್ತದೆ. ಚಿಮುಟದಿಂದ ಇಡಿಯಾಗಿ ಎತ್ತಬಹುದು. ಉಳಿದದ್ದು ಬ್ರಷ್‌ನಿಂದ. ಬ್ಲೋವರ್ ಹೊಡೆಯುವುದಾದರೆ ಫ್ಯಾನಿನ ರೆಕ್ಕೆ ತಿರುಗದ ಹಾಗೆ ಬೆಂಕಿಕಡ್ಡಿ ಸಿಕ್ಕಿಸಿ ಹಿಡಿಯಿರಿ. ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಕೊಳವೆ ಬೋರ್ಡ್ ಹತ್ತಿರ ತರಬೇಡಿ, ಸ್ಥಿರ ವಿದ್ಯುತ್ ಆಗುತ್ತದೆ.

ಹಳೆ ಪೇಸ್ಟ್ ಬೂದುಪುಡಿ ಆಗಿರುತ್ತದೆ. ಐಪಿಎ ಹಾಕಿ ಒರೆಸಿ, ಕನ್ನಡಿ ಥರ ಹೊಳೆಯಬೇಕು. ಹೊಸದು ಅಕ್ಕಿಕಾಳಿನಷ್ಟು ಸಾಕು, ಸಿಲಿಕಾನ್ ಪೂರ್ತಿ ಮುಚ್ಚುವ ಹಾಗೆ ತೆಳ್ಳಗೆ ಹರಡಿ. ಜಾಸ್ತಿ ಹಾಕಿದರೆ ಜಾಸ್ತಿ ತಣ್ಣಗಾಗುವುದಿಲ್ಲ. ಸಿಲಿಕಾನ್ ಮತ್ತು ಲೋಹ ಕೂಡುವಲ್ಲಿ ಕಣ್ಣಿಗೆ ಕಾಣದ ಸಂದು ಇರುತ್ತದಲ್ಲ, ಅದರಲ್ಲಿರುವ ಗಾಳಿ ತೆಗೆದು ಜಾಗ ತುಂಬುವುದಷ್ಟೇ ಪೇಸ್ಟಿನ ಕೆಲಸ. ಅಕ್ಕಪಕ್ಕದ ಚಿಪ್‌ಗಳ ಮೇಲೆ ಬೂದು ಅಥವಾ ನೀಲಿ ಮೆತ್ತನೆಯ ಪ್ಯಾಡ್ ಇದ್ದರೆ ಹಾಗೇ ಬಿಡಿ. ಅದನ್ನು ಕಿತ್ತು ಆ ಜಾಗಕ್ಕೆ ಪೇಸ್ಟ್ ಹಾಕಬಾರದು. ಅಲ್ಲಿನ ಸಂದು ದೊಡ್ಡದು, ಪೇಸ್ಟ್ ತಲುಪುವುದಿಲ್ಲ.

ತುಂಗೆ_ದಡ:

ಬೆಳಿಗ್ಗೆ ಗರಗರ ಅನ್ನುತ್ತದೆ ಅಂದರಲ್ಲ, ಫ್ಯಾನಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಡಬಹುದಾ? ನಮ್ಮ ತೀರ್ಥಹಳ್ಳಿ ಕಡೆ ಎಲ್ಲದಕ್ಕೂ ಅದೇ.

ರಿಪೇರಿ_ಮೇಜು:

ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಗಟ್ಟಿಯಾಗುತ್ತದೆ. ನಿಮ್ಮ ಮಲೆನಾಡಿನ ಚಳಿಗಾಲದ ಬೆಳಿಗ್ಗೆ ಫ್ಯಾನ್ ತಿರುಗಲಿಕ್ಕೇ ಒದ್ದಾಡುತ್ತದೆ. ಜೊತೆಗೆ ದಿನ ಕಳೆದಂತೆ ಅಂಟಾಗುತ್ತದೆ. ಡಬ್ಲ್ಯೂಡಿ-40 ಕೂಡ ಬೇಡ, ಒಳಗಿರುವ ಎಣ್ಣೆಯನ್ನೂ ತೊಳೆದುಬಿಡುತ್ತದೆ. ಹೊಲಿಗೆ ಮಷಿನ್ ಎಣ್ಣೆ ಒಂದೇ ತೊಟ್ಟು, ಅದೂ ಫ್ಯಾನಿನ ರೆಕ್ಕೆ ಮೇಲಕ್ಕೆ ಎತ್ತಿದರೆ ಕಳಚಿ ಬರುವ ಮಾದರಿ ಆಗಿದ್ದರೆ ಮಾತ್ರ. ಅದರ ದಂಡಕ್ಕೆ ಹಚ್ಚಿ. ಬಲವಂತವಾಗಿ ಎಳೆಯಬೇಡಿ. ಎಣ್ಣೆ ತಾತ್ಕಾಲಿಕ. ಗರಗರ ಶುರುವಾದ ಬೇರಿಂಗ್ ಮತ್ತೆ ಹೊಸದಾಗುವುದಿಲ್ಲ.

ಸಿಂಧನೂರು_ಜೆರಾಕ್ಸ್:

ಅಣ್ಣಾ, ಬಿಚ್ಚಿದೆವು! ತಮ್ಮ ಫ್ಯಾನ್ ಎತ್ತಿದ ಕೂಡಲೇ ಕಂಡಿತು. ನೀವು ಹೇಳಿದ ಹಾಗೇ, ಬೆರಳ ದಪ್ಪ ಧೂಳು, ಅದರಲ್ಲಿ ಭತ್ತದ ಹೊಟ್ಟು ಸಹ ಇತ್ತು. ಪೇಸ್ಟ್ ಪುಡಿ ಪುಡಿ. ಸ್ಕ್ರೂ ಹಾಳೆ ಮೇಲೆ ಅಂಟಿಸಿದ್ದು ಬಹಳ ಉಪಯೋಗಕ್ಕೆ ಬಂತು.

ಅಂಗಡಿ 36 ಡಿಗ್ರಿ ಇರುವಾಗ ಸುಮ್ನೆ ಇಟ್ಟರೆ 53ರಿಂದ 56. ಅರ್ಜಿ, ಸ್ಕ್ಯಾನ್, ಪಿಡಿಎಫ್ ಎಲ್ಲಾ ಸೇರಿ 79. ಟರ್ಬೊ ವಾಪಸ್ ಆನ್ ಮಾಡಿ ನೋಡಿದರೆ 84. ಕಿಂಡಿಯಲ್ಲಿ ಗಾಳಿ ಚೆನ್ನಾಗಿ ಬರುತ್ತಿದೆ. ಸದ್ದು ಕೆಲಸ ಜಾಸ್ತಿ ಇದ್ದಾಗ ಮಾತ್ರ ಏರುತ್ತದೆ, ಆಮೇಲೆ ಇಳಿಯುತ್ತದೆ. ಬೋರ್ಡ್ ಹೋಗಿದೆ ಅಂತ ಇದನ್ನು ಗುಜರಿಗೆ ಹಾಕುವವನಿದ್ದೆ. ನಿಮಗೆಲ್ಲ ಹೇಗೆ ಧನ್ಯವಾದ ಹೇಳಲಿ.

ಬೆಳಗಿನ ಗರಗರ ಮಾತ್ರ ಉಳಿದಿದೆ. ಹೊಸ ಫ್ಯಾನ್ ಹಾಕಿಸಲೇಬೇಕಾ?

ರಿಪೇರಿ_ಮೇಜು:

ಬಹಳ ಸಂತೋಷ ಆಯಿತು. ತಮ್ಮನಿಗೆ ನನ್ನ ಶಹಬ್ಬಾಸ್ ಹೇಳಿ.

ಫ್ಯಾನ್ ಈಗಲೇ ಬೇಕಿಲ್ಲ, ಆದರೆ ಒಂದು ತರಿಸಿ ಇಟ್ಟುಕೊಳ್ಳಿ. ಬೇರಿಂಗ್ ಒಂದು ದಿನ ಹಿಡಿದುಕೊಳ್ಳುತ್ತದೆ, ಅದು ಅರ್ಜಿಯ ಕೊನೆ ದಿನವೇ ಆಗಬಹುದು. ಲ್ಯಾಪ್‌ಟಾಪ್ ಹೆಸರು ಹೇಳಿ ಕೊಳ್ಳಬೇಡಿ. ಒಂದೇ ಹೆಸರಿನ ಮಾಡೆಲ್‌ಗೆ ಎರಡು ಮೂರು ಥರದ ಫ್ಯಾನ್ ಬರುತ್ತದೆ. ಫ್ಯಾನಿನ ಬೆನ್ನ ಮೇಲಿನ ಸ್ಟಿಕರ್‌ನಲ್ಲಿ ಪಾರ್ಟ್ ನಂಬರ್ ಇರುತ್ತದೆ, ಅದರ ಫೋಟೊ ತೆಗೆದುಕೊಳ್ಳಿ. ವೈರು 3 ಇದೆಯಾ 4 ಇದೆಯಾ ಎಣಿಸಿ. ನಾಲ್ಕನೇ ವೈರಿನಲ್ಲಿ ವೇಗದ ಆಜ್ಞೆ ಹೋಗುತ್ತದೆ. ಅದು ಸರಿಯಾಗಿ ಕೂಡದಿದ್ದರೆ ಫ್ಯಾನ್ ಸಾಮಾನ್ಯವಾಗಿ ಪೂರ್ತಿ ವೇಗದಲ್ಲೇ ತಿರುಗುತ್ತದೆ. ಫ್ಯಾನ್ ಬದಲಿಸಿದ ಮೇಲೆ ಸದ್ದು ಜಾಸ್ತಿ ಆಯಿತು ಅನ್ನುವವರಲ್ಲಿ ಇದೂ ಒಂದು ಕಾರಣ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಹಳೆ ಮಾಡೆಲ್‌ಗಳ ಬಿಡಿಭಾಗ ಸಿಗುತ್ತದೆ. ಹೋಗುವುದಾದರೆ ಹಳೆ ಫ್ಯಾನಿನ ಫೋಟೊ ತೋರಿಸಿ.

ಲ್ಯಾಪ್‌ಟಾಪನ್ನು ಜೆರಾಕ್ಸ್ ಮಷಿನ್ ಪಕ್ಕದಿಂದ ಸರಿಸಿ. ಹಿಂದೆ ಎರಡು ಮರದ ತುಂಡು ಕೊಟ್ಟು ಒಂದು ಇಂಚು ಎತ್ತರ ಮಾಡಿ, ಅಡಿಯಿಂದ ಗಾಳಿ ಸಲೀಸಾಗಿ ಹೋಗಲಿ. ನಿಮ್ಮ ಊರಿನ ಧೂಳಿಗೆ ವರ್ಷಕ್ಕೊಮ್ಮೆ, ಬೇಸಿಗೆಗೆ ಮೊದಲು, ಬಿಚ್ಚಿ ಬ್ರಷ್ ಹಾಕಿಸಿ. ಪೇಸ್ಟ್ ಪ್ರತಿ ಸಲ ಬೇಕಿಲ್ಲ. ಹೀಟ್‌ಸಿಂಕ್ ಎತ್ತಿದರೆ ಮಾತ್ರ ಹೊಸದಾಗಿ ಹಾಕಲೇಬೇಕು.

ದಾವಣಗೆರೆ_ಟೀಚರ್:

ನಮಸ್ಕಾರ, ಪೂರ್ತಿ ಓದಿದೆ. ನನ್ನದು ಉಲ್ಟಾ ಸಮಸ್ಯೆ. ಎಂಟು ವರ್ಷ ಹಳೆಯ ಎಚ್‌ಪಿ ಬಿಸಿನೆಸ್ ಲ್ಯಾಪ್‌ಟಾಪ್. ಎಚ್‌ಡಬ್ಲ್ಯೂಇನ್ಫೋದಲ್ಲಿ ನೋಡಿದರೆ ಬರೀ 44 ಡಿಗ್ರಿ. ಗಾಳಿಯೂ ತಣ್ಣಗೆ ಬರುತ್ತದೆ. ಆದರೆ ಫ್ಯಾನ್ ನಿಲ್ಲುವುದೇ ಇಲ್ಲ, ಒಂದೇ ಸಮ ಗುಂಯ್ ಅನ್ನುತ್ತದೆ. ರಾತ್ರಿ ಮಕ್ಕಳಿಗೆ ಪಾಠ ರೆಕಾರ್ಡ್ ಮಾಡಿದರೆ ಅದರಲ್ಲಿ ಕೇಳಿಸುತ್ತದೆ. ಧೂಳು ತೆಗೆಸಿಯೂ ಆಯಿತು.

ರಿಪೇರಿ_ಮೇಜು:

ಅಕ್ಕಾ, ನಿಮ್ಮದು ನಾನು ಮೊದಲು ಹೇಳಿದ ಎರಡನೇ ದಾರಿ. ಒಂದೇ ಪ್ರಶ್ನೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದರೆ ಫ್ಯಾನ್ ನಿಲ್ಲುತ್ತದಾ?

ದಾವಣಗೆರೆ_ಟೀಚರ್:

ಹೌದು! ಈಗಲೇ ಕಿತ್ತು ನೋಡಿದೆ. ಸ್ವಲ್ಪ ಹೊತ್ತಿಗೆ ನಿಂತಿತು. ಚಾರ್ಜರ್ ಹಾಕಿದರೆ ಮತ್ತೆ ಶುರು.

ರಿಪೇರಿ_ಮೇಜು:

ಹಾಗಾದರೆ ಬಿಚ್ಚುವುದೇ ಬೇಡ. ಎಚ್‌ಪಿಯ ಬಹಳಷ್ಟು ಬಿಸಿನೆಸ್ ಮಾಡೆಲ್‌ಗಳ ಬಯೋಸ್‌ನಲ್ಲಿ "ಫ್ಯಾನ್ ಆಲ್ವೇಸ್ ಆನ್ ವೈಲ್ ಆನ್ ಎಸಿ ಪವರ್" ಅಂತ ಒಂದು ಆಯ್ಕೆ ಇರುತ್ತದೆ. ಅದು ಆನ್ ಇದ್ದರೆ ಚಾರ್ಜರ್ ಇರುವಷ್ಟು ಹೊತ್ತು ಫ್ಯಾನ್ ಕಡಿಮೆ ವೇಗದಲ್ಲಿ ತಿರುಗುತ್ತಲೇ ಇರುತ್ತದೆ. ಕೆಟ್ಟಿರುವುದು ಏನೂ ಇಲ್ಲ. ಆನ್ ಮಾಡುವಾಗ ಎಫ್10 ಒತ್ತುತ್ತಾ ಇರಿ, ಬಯೋಸ್ ತೆರೆಯುತ್ತದೆ. ಅಡ್ವಾನ್ಸ್‌ಡ್ ಅಥವಾ ಸಿಸ್ಟಮ್ ಕಾನ್ಫಿಗರೇಷನ್ ಭಾಗದಲ್ಲಿ ಹುಡುಕಿ, ಟಿಕ್ ತೆಗೆದು, ಸೇವ್ ಮಾಡಿ ಹೊರಗೆ ಬನ್ನಿ. ಬಯೋಸ್ ಒಳಗೆ ಇರುವಾಗ ಫ್ಯಾನ್ ಸ್ವಲ್ಪ ಜೋರಾದರೆ ಹೆದರಬೇಡಿ. ಅಲ್ಲಿ ಪ್ರೊಸೆಸರ್‌ನ ವಿದ್ಯುತ್ ಉಳಿಸುವ ಏರ್ಪಾಡು ಪೂರ್ತಿ ಕೆಲಸ ಮಾಡುವುದಿಲ್ಲ.

ದಾವಣಗೆರೆ_ಟೀಚರ್:

ಸಿಕ್ಕಿತು, ಟಿಕ್ ತೆಗೆದೆ. ಈಗ ಚಾರ್ಜರ್ ಹಾಕಿದರೂ ನಿಶ್ಶಬ್ದ. ತುಂಬಾ ಉಪಕಾರ ಆಯಿತು. ಒಂದೇ ಅನುಮಾನ. ಹೀಗೆ ಆಫ್ ಮಾಡಿದ್ದರಿಂದ ಬಿಸಿಯಾಗಿ ಹಾಳಾಗುವುದಿಲ್ಲ ತಾನೆ?

ರಿಪೇರಿ_ಮೇಜು:

ಇಲ್ಲ ಅಕ್ಕಾ. ನೀವು ತೆಗೆದದ್ದು "ಯಾವಾಗಲೂ" ಅನ್ನುವ ಭಾಗವನ್ನು ಮಾತ್ರ. ಬಿಸಿ ನೋಡಿ ಫ್ಯಾನ್ ಓಡಿಸುವ ಕೆಲಸ ಹಾಗೇ ಇದೆ. ಖಾತ್ರಿ ಬೇಕಿದ್ದರೆ ಎಚ್‌ಡಬ್ಲ್ಯೂಇನ್ಫೋ ತೆರೆದಿಟ್ಟು ದೊಡ್ಡ ವಿಡಿಯೊ ಒಂದು ಓಡಿಸಿ. ಬಿಸಿ ಏರಿದ ಹಾಗೆ ಫ್ಯಾನ್ ತಾನಾಗಿ ಶುರುವಾಗಬೇಕು. ಬಿಸಿ 80 ದಾಟಿದರೂ ಫ್ಯಾನ್ ಅಲ್ಲಾಡಲಿಲ್ಲ ಅಂದರೆ ಕೂಡಲೇ ಆಫ್ ಮಾಡಿ ಇಲ್ಲಿ ಬರೆಯಿರಿ.

ದಾವಣಗೆರೆ_ಟೀಚರ್:

ಮಾಡಿದೆ. 60 ದಾಟುತ್ತಿದ್ದ ಹಾಗೆ ಶುರುವಾಯಿತು, ವಿಡಿಯೊ ನಿಲ್ಲಿಸಿದ ಮೇಲೆ ನಿಂತಿತು.